ಒಣ ನೆಲ, ತಾತ್ಕಾಲಿಕ ಕರೆಂಟು

‘ವಿದ್ಯುತ್ ಸ್ಪರ್ಶಿಸಿ ಕಾರ್ಮಿಕ ಸಾವು’ ಎಂಬ ಸುದ್ದಿಗೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸಿಗುವುದು ಒಂದು ಕಾಲಂ, ನಾಲ್ಕೈದು ಸಾಲು. ಸತ್ತವನ ಹೆಸರು, ವಯಸ್ಸು, ಊರು, ಯಾವ ಠಾಣೆಯಲ್ಲಿ ಪ್ರಕರಣ ದಾಖಲಾಯಿತು ಎನ್ನುವುದು ಅದರಲ್ಲಿರುತ್ತದೆ. ಯಾವ ಮೆಷಿನ್ ಹಿಡಿದಿದ್ದ, ಅದಕ್ಕೆ ಕರೆಂಟು ಎಲ್ಲಿಂದ ಬಂದಿತ್ತು, ಬೋರ್ಡಿನಲ್ಲಿ ಏನಿತ್ತು, ಏನಿರಲಿಲ್ಲ ಎನ್ನುವುದು ಇರುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕೊಡುವ ಲೆಕ್ಕದಂತೆ ದೇಶದಲ್ಲಿ ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು ಜನ ವಿದ್ಯುದಾಘಾತದಿಂದ ಸಾಯುತ್ತಾರೆ. ಪಂಪ್‌ಸೆಟ್ಟಿನ ಹತ್ತಿರ ಸತ್ತ ರೈತ, ಮನೆಯಲ್ಲಿ ಗೀಸರ್ ಮುಟ್ಟಿ ಸತ್ತ ಗೃಹಿಣಿ, ಸೆಂಟ್ರಿಂಗ್ ಮೇಲೆ ಸತ್ತ ಕೂಲಿಯವನು ಎಲ್ಲರೂ ಆ ಒಂದೇ ಅಂಕಿಯೊಳಗೆ ಸೇರಿಹೋಗುತ್ತಾರೆ. ಕಟ್ಟಡ ಕೆಲಸದ ಸಾವನ್ನು ಬೇರೆಯಾಗಿ ನೋಡದಿದ್ದರೆ ಅದರ ಕಾರಣವೂ ಬೇರೆಯಾಗಿ ಕಾಣುವುದಿಲ್ಲ. ಕೋಲಾರ ಜಿಲ್ಲೆಯ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಆ ಕಾರಣವನ್ನು ಹುಡುಕುವುದು ಈ ಬರಹದ ಕೆಲಸ.

ಕರೆಂಟು ಈ ಜಿಲ್ಲೆಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ಉದ್ದದ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಉರಿದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಗಣಿಗೆ ಬಂದ ಕರೆಂಟಿಗೆ ಒಬ್ಬ ಯಜಮಾನನಿದ್ದ, ಏನಾದರೂ ಆದರೆ ಯಾರನ್ನು ಕೇಳಬೇಕು ಎನ್ನುವುದು ಗೊತ್ತಿತ್ತು. ಇವತ್ತು ಮೂವತ್ತು ನಲವತ್ತರ ಸೈಟಿನಲ್ಲಿ ಏಳುತ್ತಿರುವ ಮನೆಯ ಕರೆಂಟಿಗೆ ಯಜಮಾನ ಯಾರು? ಮನೆ ಕಟ್ಟಿಸುವವರು ಕಂಟ್ರಾಕ್ಟರನ್ನು ತೋರಿಸುತ್ತಾರೆ, ಕಂಟ್ರಾಕ್ಟರು ಮೇಸ್ತ್ರಿಯನ್ನು, ಮೇಸ್ತ್ರಿ ಎಲೆಕ್ಟ್ರಿಷಿಯನ್ನನ್ನು. ಎಲೆಕ್ಟ್ರಿಷಿಯನ್ ಬಂದು ಬೋರ್ಡು ಕಟ್ಟಿ ಹೋಗಿ ಆಗಲೇ ಮೂರು ತಿಂಗಳಾಗಿರುತ್ತದೆ.

ಕಟ್ಟುತ್ತಿರುವುದು ಮಾತ್ರ ಕಡಿಮೆಯಲ್ಲ. ಕೋಲಾರ ತಾಲ್ಲೂಕಿನ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಸುತ್ತಲಿನ ಹಳ್ಳಿಗಳಲ್ಲಿ ಕಾರ್ಖಾನೆಗೆ ಬರುವ ಹುಡುಗ ಹುಡುಗಿಯರಿಗಾಗಿ ಪಿಜಿಗಳು, ಬಾಡಿಗೆ ಮನೆಗಳು ಒಂದರ ಮೇಲೊಂದು ಅಂತಸ್ತು ಏರಿಸಿಕೊಳ್ಳುತ್ತಿವೆ. ಇಟ್ಟಿಗೆ ಹೆಂಚಿಗೆ ಹೆಸರಾದ ಮಾಲೂರು ಈಗ ಬೆಂಗಳೂರಿನ ಲೇಔಟುಗಳು ಬಂದು ಮುಟ್ಟಿದ ಊರು. ಮುಳಬಾಗಿಲಿನಲ್ಲಿ ಹೆದ್ದಾರಿಯುದ್ದಕ್ಕೂ ಮಳಿಗೆ, ಹೋಟೆಲು, ಕಲ್ಯಾಣ ಮಂಟಪ. ಶ್ರೀನಿವಾಸಪುರದಲ್ಲಿ ಮಾವಿನ ತೋಟದ ನಡುವೆ ಶೆಡ್ಡು, ಗೋದಾಮು, ತೋಟದ ಮನೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಈ ಓಟ ಹೆಚ್ಚಿದೆಯೇ ಹೊರತು ತಗ್ಗಿಲ್ಲ. ಕೆಲಸಗಾರರಲ್ಲಿ ಊರಿನ ಕನ್ನಡ, ತೆಲುಗು, ತಮಿಳಿನವರ ಜೊತೆಗೆ ಬಿಹಾರ, ಒಡಿಶಾ, ಬಂಗಾಳದಿಂದ ಬಂದವರು ಸೇರಿದ್ದಾರೆ. ನರಸಾಪುರದಲ್ಲಿ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ದೊಡ್ಡ ಕಾರ್ಖಾನೆಯ ಗೇಟಿನೊಳಗೆ ಹೆಲ್ಮೆಟ್ಟಿಲ್ಲದೆ, ಬೂಟಿಲ್ಲದೆ, ಅನುಮತಿ ಚೀಟಿಯಿಲ್ಲದೆ ಒಂದು ತೂತು ಕೊರೆಯಲೂ ಬಿಡುವುದಿಲ್ಲ. ಅದೇ ಗೇಟಿನಿಂದ ಕೂಗಳತೆಯ ದೂರದಲ್ಲಿ ಏಳುತ್ತಿರುವ ಮೂರಂತಸ್ತಿನ ಪಿಜಿಯಲ್ಲಿ ಬರಿಗಾಲಿನ ಹುಡುಗ ನೀರು ನಿಂತ ನೆಲದಲ್ಲಿ ಕೂತು ಗ್ರಾನೈಟ್ ಕೊಯ್ಯುತ್ತಿರುತ್ತಾನೆ.

ಅವನ ಮೆಷಿನ್ನಿಗೆ ಕರೆಂಟು ಕೊಡುವ ಬೋರ್ಡನ್ನು ಹತ್ತಿರ ಹೋಗಿ ನೋಡಬೇಕು. ಸೆಂಟ್ರಿಂಗ್ ಹಲಗೆಯ ತುಂಡಿಗೆ ಎರಡು ಸಾಕೆಟ್ಟು, ಒಂದು ಸ್ವಿಚ್ಚು ಮೊಳೆ ಹೊಡೆದು ಕೂರಿಸಿದ್ದಾರೆ. ಮುಚ್ಚಳದ ಒಂದು ಮೂಲೆ ಒಡೆದು ಒಳಗಿನ ಹಿತ್ತಾಳೆ ಕಾಣುತ್ತಿದೆ. ಮೀಟರಿನಿಂದ ಇಲ್ಲಿಯವರೆಗೆ ಬಂದಿರುವುದು ಎರಡೇ ತಂತಿ, ಮೂರನೆಯದಿಲ್ಲ. ನಡುವೆ ಮೂರು ಕಡೆ ಗಂಟು, ಗಂಟಿನ ಮೇಲೆ ಕಪ್ಪು ಟೇಪು, ಬಿಸಿಲಿಗೆ ಅದರ ಅಂಟು ಬಿಟ್ಟು ತುದಿ ಗಾಳಿಗೆ ಆಡುತ್ತಿದೆ. ಕಟಿಂಗ್ ಮೆಷಿನ್ನಿನ ಪ್ಲಗ್ ಎಂದೋ ಒಡೆದುಹೋಗಿ ತಂತಿಯ ಎರಡು ಬೆತ್ತಲೆ ತುದಿಗಳನ್ನೇ ಸಾಕೆಟ್ಟಿಗೆ ತುರುಕಿ, ಜಾರದಿರಲೆಂದು ಬೆಂಕಿಕಡ್ಡಿ ಸಿಕ್ಕಿಸಿದ್ದಾರೆ. ತಂತಿ ಕ್ಯೂರಿಂಗ್ ನೀರಿನೊಳಗೆ ಹಾದು ಬಂದಿದೆ. ಕೇಳಿದರೆ, “ಏನೂ ಆಗಲ್ಲ ಸಾರ್, ದಿನಾ ಇದರಲ್ಲೇ ಮಾಡೋದು” ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ದಿನವೂ ಏನೂ ಆಗದಿರುವುದರಿಂದಲೇ ಈ ಬೋರ್ಡು ಇಷ್ಟು ತಿಂಗಳು ಉಳಿದುಕೊಂಡಿದೆ.

ಇಲ್ಲಿ ಒಂದು ತಪ್ಪು ನಂಬಿಕೆ ಎಲ್ಲರನ್ನೂ ಆಳುತ್ತಿದೆ. ಮೀಟರ್ ಬೋರ್ಡಿನಲ್ಲಿ ಎಂಸಿಬಿ ಇದೆ, ಶಾಕ್ ಹೊಡೆದರೆ ಅದು ಟ್ರಿಪ್ ಆಗುತ್ತದೆ ಎನ್ನುವ ನಂಬಿಕೆ. ಎಂಸಿಬಿ ಇರುವುದು ತಂತಿ ಸುಡದಂತೆ ಕಾಯಲಿಕ್ಕೆ. 16 ಆಂಪಿಯರಿನ ಎಂಸಿಬಿ ಅದಕ್ಕಿಂತ ಹೆಚ್ಚು ಕರೆಂಟು ಹರಿದರೆ ಮಾತ್ರ ಬೀಳುತ್ತದೆ, ತಕ್ಷಣ ಬೀಳಬೇಕಾದರೆ ಅದರ ಐದು ಹತ್ತು ಪಟ್ಟು ಹರಿಯಬೇಕು. ಮನುಷ್ಯನ ಮೈಯಲ್ಲಿ ಹರಿದು ಕೊಲ್ಲಲು ಬೇಕಾದ್ದು ಎಷ್ಟು? ಹತ್ತು ಮಿಲಿಆಂಪಿಯರ್ ದಾಟಿದರೆ ಕೈಯ ಸ್ನಾಯುಗಳು ಬಿಗಿದುಕೊಂಡು ಹಿಡಿದದ್ದನ್ನು ಬಿಡಲಾಗುವುದಿಲ್ಲ. ಐವತ್ತು ನೂರು ಮಿಲಿಆಂಪಿಯರ್ ಎದೆಯ ಮೂಲಕ ಹಾದುಹೋದರೆ ಹೃದಯದ ಬಡಿತ ತಾಳ ತಪ್ಪಿ ನಿಲ್ಲಬಹುದು. ಬೆವರಿದ ಮೈ, ಒದ್ದೆ ಕಾಲಿನ ಮನುಷ್ಯನ ದೇಹದ ತಡೆ ಸುಮಾರು 1000 ಓಮ್ ಎಂದಿಟ್ಟುಕೊಂಡರೆ 230 ವೋಲ್ಟಿಗೆ ಹರಿಯುವುದು 230 ಮಿಲಿಆಂಪಿಯರ್, ಅಂದರೆ ಕಾಲು ಆಂಪಿಯರೂ ಇಲ್ಲ. 16 ಆಂಪಿಯರಿಗಾಗಿ ಕಾದು ಕೂತಿರುವ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಆಳು ಸಾಯುತ್ತಿರುವಾಗಲೂ ಅದರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಹಾಗಾದರೆ ಅರ್ಥಿಂಗ್ ಇದೆಯಲ್ಲ ಎನ್ನಬಹುದು. ಕೋಲಾರದ ನೆಲದ ಮಾತು ಬರುವುದು ಇಲ್ಲಿ. ಗ್ರಾನೈಟ್ ಮತ್ತು ನೈಸ್ ಶಿಲೆಯ ಮೇಲೆ ತೆಳುವಾಗಿ ಕೂತ ಕೆಂಪು ಮರಳುಮಣ್ಣು, ವರ್ಷದ ಬಹುಪಾಲು ಒಣಗಿಯೇ ಇರುವಂಥದ್ದು. ಸಾವಿರ ಅಡಿ ದಾಟಿದರೂ ನೀರು ಸಿಗದ ಬೋರ್‌ವೆಲ್‌ಗಳ ಜಿಲ್ಲೆ ಇದು. ಕೆ.ಸಿ. ವ್ಯಾಲಿ ಯೋಜನೆಯಿಂದ 2018ರ ನಂತರ ಕೆಲವು ಕೆರೆಗಳಿಗೆ ನೀರು ಬಂದಿದೆ, ಆದರೆ ಬಡಾವಣೆಯ ಸೈಟಿನ ಮೇಲ್ಮಣ್ಣಿಗೆ ಅದರಿಂದ ತೇವ ಬಂದಿಲ್ಲ. ಕರೆಂಟು ನೆಲಕ್ಕೆ ಇಳಿಯಬೇಕಾದರೆ ಮಣ್ಣಿನಲ್ಲಿ ತೇವ ಬೇಕು. ಇದ್ದಿಲು, ಉಪ್ಪು ಹಾಕಿ ಗುಂಡಿ ತೋಡಿ, ಪೈಪು ಇಳಿಸಿ, ಬೇಸಗೆಯಲ್ಲಿ ಅದಕ್ಕೆ ನೀರು ಹಾಕುತ್ತಾ ಬಂದರೆ ಒಳ್ಳೆಯ ಅರ್ಥಿಂಗ್ ಇಲ್ಲಿಯೂ ಸಾಧ್ಯ. ಆದರೆ ಆರು ತಿಂಗಳಿಗೆಂದು ಹಾಕುವ ತಾತ್ಕಾಲಿಕ ಬೋರ್ಡಿಗೆ ಯಾರು ಅಷ್ಟು ಮಾಡುತ್ತಾರೆ? ಮಿಕ್ಕಿದ ಕಂಬಿಯ ಎರಡಡಿ ತುಂಡನ್ನು ಸುತ್ತಿಗೆಯಲ್ಲಿ ನೆಲಕ್ಕೆ ಹೊಡೆದು ಅದಕ್ಕೆ ತಂತಿ ಸುತ್ತುತ್ತಾರೆ. ಅರ್ಧ ಅಡಿ ಇಳಿದ ಮೇಲೆ ಬಂಡೆ ಸಿಕ್ಕರೆ ಅಲ್ಲಿಗೇ ನಿಲ್ಲಿಸುತ್ತಾರೆ.

ಇಂಥ ಕಂಬಿಯ ತಡೆ 60 ಓಮ್ ಇದೆ ಎಂದು ಲೆಕ್ಕ ಹಾಕಿ ನೋಡೋಣ. ನೂರು ದಾಟಿದರೂ ಆಶ್ಚರ್ಯವಿಲ್ಲ. ಕಬ್ಬಿಣದ ಮೈಯಿರುವ ಪಂಪಿನಲ್ಲೋ ವೈಬ್ರೇಟರಿನಲ್ಲೋ ಫೇಸ್ ತಂತಿ ಸವೆದು ಮೈಗೆ ತಾಗಿದರೆ ಆ ಕಂಬಿಯ ಮೂಲಕ ನೆಲಕ್ಕೆ ಹೋಗುವುದು ನಾಲ್ಕು ಆಂಪಿಯರಿಗೂ ಕಡಿಮೆ. 16ರ ಎಂಸಿಬಿ ಗಂಟೆಗಟ್ಟಲೆ ಹಾಗೆಯೇ ನಿಂತಿರುತ್ತದೆ. ಮೆಷಿನ್ನಿನ ಮೈ ಮಾತ್ರ ಇನ್ನೂರು ವೋಲ್ಟಿಗೂ ಮೇಲೆ ಜೀವಂತವಾಗಿರುತ್ತದೆ, ಮೋಟಾರೂ ಓಡುತ್ತಿರುತ್ತದೆ. ಅದನ್ನು ಮೊದಲು ಮುಟ್ಟಿದವನಿಗೆ ತಾನು ಮುಟ್ಟಿದ್ದು ಏನೆಂದು ತಿಳಿಯುವ ಹೊತ್ತಿಗೆ ಕೈ ಬಿಡಿಸಿಕೊಳ್ಳಲಾಗದು. ಅರ್ಥಿಂಗ್ ಹಾಕಿದ್ದೇವೆ ಎಂದು ಮೇಸ್ತ್ರಿ ಪ್ರಮಾಣ ಮಾಡಿ ಹೇಳುವ ಸೈಟಿನಲ್ಲೂ ಆಳು ಸಾಯುವುದು ಹೀಗೆ.

ಈ ಲೆಕ್ಕಕ್ಕೆ ಉತ್ತರವಾಗಿಯೇ ಹುಟ್ಟಿದ್ದು ನಮ್ಮ ಎಲೆಕ್ಟ್ರಿಷಿಯನ್ನರು ಇಎಲ್‌ಸಿಬಿ ಎಂದೋ ಆರ್‌ಸಿಸಿಬಿ ಎಂದೋ ಕರೆಯುವ ಸಾಧನ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಅಷ್ಟೇ ವಾಪಸು ಬಂದಿತೇ ಎಂದು ಅದು ಸದಾ ಅಳೆಯುತ್ತಿರುತ್ತದೆ. 30 ಮಿಲಿಆಂಪಿಯರ್ ಕಡಿಮೆ ಬಂದರೆ, ಅದು ಬೇರೆ ದಾರಿಯಲ್ಲಿ, ಬಹುಶಃ ಒಬ್ಬನ ಮೈಯ ಮೂಲಕ ನೆಲಕ್ಕೆ ಹೋಗುತ್ತಿದೆ ಎಂದು ತಿಳಿದು ಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಲೈನ್ ಕಡಿದುಹಾಕುತ್ತದೆ. ಅಮೆರಿಕದಲ್ಲಿ ಇಂಥದೇ ಸಾಧನವನ್ನು 1961ರಲ್ಲಿ ರೂಪಿಸಿದ ಚಾರ್ಲ್ಸ್ ಡಾಲ್ಜೀಲ್ ಬರ್ಕ್‌ಲಿಯ ಪ್ರಾಧ್ಯಾಪಕ. ಮನುಷ್ಯದೇಹ ಎಷ್ಟು ಕರೆಂಟನ್ನು ತಾಳಿಕೊಳ್ಳಬಲ್ಲದು ಎನ್ನುವುದನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದವನು. ಕೋಲಾರದ ಮಟ್ಟಿಗೆ ಈ ಸಾಧನದ ದೊಡ್ಡ ಗುಣ, ಅರ್ಥಿಂಗಿನ ತಡೆ ನೂರಾರು ಓಮ್ ಇದ್ದರೂ ಅದು ಕೆಲಸ ಮಾಡುತ್ತದೆ ಎನ್ನುವುದು. ಒಣ ನೆಲದಲ್ಲಿ ಎಂಸಿಬಿ ಸೋಲುವ ಕಡೆ ಇದು ಗೆಲ್ಲುತ್ತದೆ. ಬೆಲೆ ಎರಡು ಸಾವಿರ ರೂಪಾಯಿಯ ಆಸುಪಾಸು, ಅಂದರೆ ಒಬ್ಬ ಗಾರೆ ಮೇಸ್ತ್ರಿಯ ಎರಡು ಮೂರು ದಿನದ ಕೂಲಿ. ನಲವತ್ತು ಲಕ್ಷದ ಮನೆಯಲ್ಲಿ ಬಾಗಿಲಿನ ಹಿಡಿಕೆಗೆ ಇದಕ್ಕಿಂತ ಹೆಚ್ಚು ಖರ್ಚು ಮಾಡುತ್ತೇವೆ. ಈ ಇಡೀ ಪ್ರಶ್ನೆಯಲ್ಲಿ ನನಗೆ ಒಂದೇ ಒಂದು ಮಾತು ಹೇಳಲು ಅವಕಾಶವಿದ್ದರೆ ಇದನ್ನೇ ಹೇಳುತ್ತೇನೆ: ಮನೆಗೆ ಕೊನೆಯಲ್ಲಿ ಹಾಕುವ ಆರ್‌ಸಿಸಿಬಿಯನ್ನು ಪಾಯ ತೆಗೆಯುವ ದಿನವೇ ಹಾಕಿ.

ಅದರ ಮಿತಿಯನ್ನೂ ಹೇಳಬೇಕು. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಅದು ಗುರುತಿಸಲಾರದು. ತಲೆಯ ಮೇಲಿನ 11 ಕೆವಿ ಲೈನಿಗೂ ಅದಕ್ಕೂ ಸಂಬಂಧವಿಲ್ಲ. ಅದರ ಮೇಲಿರುವ ಟೆಸ್ಟ್ ಗುಂಡಿ ಒತ್ತಿದಾಗ ಬೀಳದಿದ್ದರೆ ಅದು ಕೆಟ್ಟಿದೆ ಎಂದೇ ಅರ್ಥ. ಸೈಟುಗಳಲ್ಲಿ ಇನ್ನೊಂದು ತೊಂದರೆ ಇದೆ. ಹಾಕಿದ ಕಡೆಯೂ ‘ಪದೇ ಪದೇ ಬೀಳುತ್ತೆ, ಕೆಲಸ ನಿಲ್ಲುತ್ತೆ’ ಎಂದು ಬೈಪಾಸ್ ಮಾಡಿಬಿಡುತ್ತಾರೆ. ಪದೇ ಪದೇ ಬೀಳುತ್ತಿದೆ ಎಂದರೆ ಎಲ್ಲೋ ತಂತಿ ಸುಲಿದಿದೆ, ಗಂಟು ನೀರಿನಲ್ಲಿ ಬಿದ್ದಿದೆ, ಮೆಷಿನ್ನಿನ ಒಳಗೆ ತೇವ ಸೇರಿದೆ. ಅದನ್ನು ಹುಡುಕಲು ಅರ್ಧ ಗಂಟೆ ಸಾಕು. ಬ್ರಿಟನ್ನಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸೈಟಿನ ಕೈಮೆಷಿನ್ನುಗಳಿಗೆ ಟ್ರಾನ್ಸ್‌ಫಾರ್ಮರ್ ಇಟ್ಟು 110 ವೋಲ್ಟ್ ಮಾತ್ರ ಕೊಡುವ ಪದ್ಧತಿ ಇಟ್ಟುಕೊಂಡಿದ್ದಾರೆ. ಅದರ ಮಧ್ಯಬಿಂದುವನ್ನು ನೆಲಕ್ಕೆ ಸೇರಿಸಿರುವುದರಿಂದ ನೆಲಕ್ಕೂ ತಂತಿಗೂ ನಡುವೆ ಇರುವುದು 55 ವೋಲ್ಟ್ ಅಷ್ಟೇ. ನಮ್ಮಲ್ಲಿ ಸಿಗುವ ಡ್ರಿಲ್ಲು, ಕಟರುಗಳೆಲ್ಲ 230 ವೋಲ್ಟಿನವು, ಹಾಗಾಗಿ ಆ ದಾರಿ ಸದ್ಯಕ್ಕೆ ನಮಗಿಲ್ಲ. ಮೈಮೇಲೆ ಚೌಕದೊಳಗೊಂದು ಚೌಕದ ಗುರುತಿರುವ ಕೈಮೆಷಿನ್ನುಗಳಿಗೆ ಎರಡು ಪದರದ ಇನ್ಸುಲೇಷನ್ ಇರುತ್ತದೆ, ಅವಕ್ಕೆ ಮೂರನೇ ಪಿನ್ ಬೇಡ. ಆದರೆ ಗ್ರಾನೈಟಿಗೆ ಬಿಡುವ ನೀರು ಒಳಗೆ ಹೋದ ಮೇಲೆ ಆ ಎರಡು ಪದರದ ಮೇಲೂ ಭರವಸೆ ಇಡುವಂತಿಲ್ಲ.

ಮೋಲ್ಡ್ ಹಾಕುವ ಹಿಂದಿನ ದಿನಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಸೆಂಟ್ರಿಂಗಿನ ಕಬ್ಬಿಣದ ಶೀಟು, ಅದರ ಮೇಲೆ ಹೆಣೆದ ಕಂಬಿಯ ಜಾಲ, ಕೆಳಗೆ ಕಬ್ಬಿಣದ ಜಾಕಿಗಳು ಎಲ್ಲವೂ ಒಂದಕ್ಕೊಂದು ತಾಗಿರುತ್ತವೆ. ಅದರ ಮೇಲೆ ಎಳೆದ ಒಂದು ಎಕ್ಸ್‌ಟೆನ್ಷನ್ ತಂತಿಯನ್ನು ಕಂಬಿಯ ತುದಿ ಕೊಯ್ದರೆ ಇಡೀ ಚಾವಣಿಗೇ ಕರೆಂಟು. ಆಗ ಅದರ ಮೇಲೆ ಬರಿಗಾಲಲ್ಲಿ ಕಂಬಿ ಕಟ್ಟುತ್ತಿರುವವರು ಒಬ್ಬಿಬ್ಬರಲ್ಲ. ಕಾಂಕ್ರೀಟ್ ಸುರಿಯುವ ಹೊತ್ತಿಗೆ ಮಿಕ್ಸರು ಡೀಸೆಲ್ಲಿನದಾಗಿರುತ್ತದೆ, ವೈಬ್ರೇಟರನ್ನೂ ಪೆಟ್ರೋಲಿನದೇ ತಂದರೆ ಆ ದಿನದ ಮಟ್ಟಿಗೆ ಅಪಾಯದ ದೊಡ್ಡ ಪಾಲು ಹೋದಂತೆ. ಬಾಡಿಗೆಯಲ್ಲಿ ಎರಡೂ ಸಿಗುತ್ತವೆ.

ಇನ್ನು ಮೇಲಿನ ಲೈನು. ಮಾಲೂರು, ಮುಳಬಾಗಿಲಿನ ಹೊಸ ಬಡಾವಣೆಗಳಲ್ಲಿ 11 ಕೆವಿ ಲೈನು ಮೊದಲು ಬಂದು ಮನೆಗಳು ಆಮೇಲೆ ಅದರ ಮಗ್ಗುಲಿಗೆ ಏಳುತ್ತವೆ. ನಿಯಮದ ಪ್ರಕಾರ 11 ಕೆವಿ ತಂತಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್, ಕಟ್ಟಡದ ಮೇಲೆ ಹಾಯುವುದಾದರೆ 3.7 ಮೀಟರ್ ಅಂತರವಿರಬೇಕು. 33 ಕೆವಿ ಆದರೆ ಅಡ್ಡದ ಅಂತರ 2 ಮೀಟರ್. ಮೊದಲ ಅಂತಸ್ತಿಗೆ ಸರಿಯಾಗಿದ್ದ ಈ ಅಂತರ ಎರಡನೆಯ ಅಂತಸ್ತಿನ ಸಜ್ಜಾ, ಬಾಲ್ಕನಿ ಹೊರಗೆ ಚಾಚಿದಾಗ ಉಳಿಯುವುದಿಲ್ಲ. ಉಳಿದರೂ, ಅದು ಮುಗಿದ ಕಟ್ಟಡಕ್ಕೆ ಸಾಕಾಗುವ ಅಂತರ, ಕೆಲಸ ನಡೆಯುತ್ತಿರುವ ಕಟ್ಟಡಕ್ಕಲ್ಲ. ಒಂದು ಜಿಐ ಪೈಪಿನ ಉದ್ದ 20 ಅಡಿ. ಅಂಗಡಿಯಿಂದ ಬರುವ ಟಿಎಂಟಿ ಕಂಬಿ 40 ಅಡಿ. ಪ್ಯಾರಾಪೆಟ್ಟಿನ ಹತ್ತಿರ ನಿಂತು ಅದನ್ನು ಕೆಳಗಿನಿಂದ ಮೇಲಕ್ಕೆ ಎಳೆದುಕೊಂಡು ತಿರುಗಿಸುವಾಗ ತುದಿ ಎಲ್ಲಿ ಹೋಗುತ್ತದೆ ಎಂದು ಹಿಡಿದವನಿಗೆ ಕಾಣುವುದಿಲ್ಲ, ಅವನ ಬೆನ್ನು ಲೈನಿನ ಕಡೆಗಿರುತ್ತದೆ. 11 ಸಾವಿರ ವೋಲ್ಟಿಗೆ ಪೂರ್ತಿ ತಾಗಬೇಕೆಂದೂ ಇಲ್ಲ, ತೀರ ಹತ್ತಿರ ಬಂದರೆ ಕಿಡಿ ಹಾರಿಯೇ ಬರುತ್ತದೆ. ಬಣ್ಣ ಬಳಿಯುವವರ ಅಲ್ಯುಮಿನಿಯಂ ಏಣಿ, ಉದ್ದ ಕೋಲಿನ ರೋಲರ್, ಕಬ್ಬಿಣದ ಸಾರ್ವೆ ಇವುಗಳದ್ದೂ ಅದೇ ಕತೆ. 2024ರ ಜನವರಿ 8ರಂದು ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುತ್ತಿದ್ದ ಮೂವರು ಯುವಕರು ಸತ್ತದ್ದು, ಅದರ ಕಬ್ಬಿಣದ ಚೌಕಟ್ಟು ಲೈನಿಗೆ ತಾಗಿ. ಆ ಸಾವು ನಾಡಿನಾದ್ಯಂತ ಸುದ್ದಿಯಾಯಿತು. ಕಂಬಿ ತಾಗಿ ಸಾಯುವ ಕೂಲಿಯವನದ್ದು ಆಗುವುದಿಲ್ಲ, ಕಾರಣ ಮಾತ್ರ ಒಂದೇ.

ಕೋಲಾರದಲ್ಲಿ ಇದಕ್ಕೆ ಬೋರ್‌ವೆಲ್ಲೂ ಸೇರಿಕೊಳ್ಳುತ್ತದೆ. ಇಲ್ಲಿ ಮನೆ ಕಟ್ಟುವ ಮೊದಲ ಕೆಲಸವೇ ಬೋರ್ ಕೊರೆಸುವುದು. ಸಾವಿರ ಅಡಿಯ ಆಸುಪಾಸಿಗೆ ಇಳಿದ ಪಂಪು ಕೆಟ್ಟಾಗಲೆಲ್ಲ ಇಪ್ಪತ್ತಡಿ ಪೈಪುಗಳನ್ನು ಒಂದೊಂದಾಗಿ ಮೇಲೆತ್ತಿ ಬಿಚ್ಚಬೇಕು. ಬೋರ್ ಪಾಯಿಂಟು ಲೈನಿನ ಕೆಳಗೆ ಬಂದರೆ ಆ ಮನೆ ಇರುವಷ್ಟು ಕಾಲವೂ, ಪ್ರತಿ ಸಲ ಪಂಪು ಎತ್ತುವವರ ತಲೆಯ ಮೇಲೆ ಆ ಅಪಾಯ ಇದ್ದೇ ಇರುತ್ತದೆ. ಪಾಯಿಂಟು ಗುರುತಿಸುವವರು ನೀರು ನೋಡುತ್ತಾರೆ, ತಲೆಯೆತ್ತಿ ಲೈನು ನೋಡುವುದಿಲ್ಲ. ಲೈನಿನ ಹತ್ತಿರ ಕಟ್ಟಡವನ್ನೋ ಸಾರ್ವೆಯನ್ನೋ ಎತ್ತುವ ಮುನ್ನ ವಿದ್ಯುತ್ ಸಂಸ್ಥೆಗೂ ವಿದ್ಯುತ್ ಪರಿವೀಕ್ಷಕರಿಗೂ ಬರಹದಲ್ಲಿ ತಿಳಿಸಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಹೇಳುತ್ತವೆ. ಕಂಬಿ ಎತ್ತುವ, ಪೈಪು ಎಳೆಯುವ ಆ ಒಂದೆರಡು ಗಂಟೆಗೆ ಲೈನ್ ಆಫ್ ಮಾಡಿಸಿಕೊಳ್ಳಲು, ಪವರ್‌ಮ್ಯಾನ್‌ಗಳ ಮಾತಿನಲ್ಲಿ ಎಲ್.ಸಿ. ತೆಗೆದುಕೊಳ್ಳಲು, ದಾರಿ ಇದೆ. ಬೆಸ್ಕಾಂನ 1912ಕ್ಕೆ ಕರೆಂಟು ಹೋದಾಗ ಫೋನ್ ಮಾಡುವಷ್ಟೇ ಸಲೀಸಾಗಿ, ಕರೆಂಟು ತೆಗೆಸಲು ಸೆಕ್ಷನ್ ಆಫೀಸಿಗೆ ಅರ್ಜಿ ಬರೆಯುವ ಅಭ್ಯಾಸ ನಮಗೆ ಬರಬೇಕು.

ಹಳೆಯ ಮನೆ ರಿಪೇರಿಯ ಅಪಾಯ ಬೇರೆ ತರಹದ್ದು. ಕೋಲಾರದ ಹಳೇ ಪೇಟೆಯಲ್ಲೋ ಮುಳಬಾಗಿಲಿನ ಒಳಬೀದಿಯಲ್ಲೋ ಅರವತ್ತು ಎಪ್ಪತ್ತು ವರ್ಷದ ಮನೆ ಒಡೆದು ಹೊಸದು ಮಾಡುವಾಗ ಗೋಡೆಯೊಳಗೆ ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎನ್ನುವುದಕ್ಕೆ ನಕ್ಷೆ ಇರುವುದಿಲ್ಲ. ಹಾಕಿದ ವೈರ್‌ಮನ್ ಈಗ ಬದುಕಿಲ್ಲ. ಎಷ್ಟೋ ಕಡೆ ಎರಡೇ ತಂತಿಯ ವೈರಿಂಗು, ರಬ್ಬರು ಪುಡಿಯಾಗಿ ಉದುರುತ್ತಿರುತ್ತದೆ. “ಮೇನ್ ಆಫ್ ಮಾಡಿದ್ದೀವಿ” ಎಂದು ಮನೆಯವರು ಹೇಳಿದ್ದನ್ನು ನಂಬಿ ಚಾಣ ಹೊಡೆಯುವವನಿಗೆ ಇಂದು ಕಾದಿರುವ ದೊಡ್ಡ ಮೋಸ ಇನ್ವರ್ಟರಿನದು. ಮೇನ್ ಆಫ್ ಆದ ಗಳಿಗೆಯಲ್ಲೇ ಅದು ಆನ್ ಆಗುತ್ತದೆ, ಅದರಿಂದ ಬರುವುದೂ 230 ವೋಲ್ಟೇ. ಹಜಾರದ ಫ್ಯಾನು, ದೀಪದ ತಂತಿಗಳು ಆಗಲೂ ಜೀವಂತ. ಮೇನ್ ತೆಗೆದ ಮೇಲೆ ಇನ್ವರ್ಟರಿನ ತಂತಿಯನ್ನೂ ಬಿಚ್ಚಬೇಕು, ಚಾವಣಿಯಲ್ಲಿ ಸೋಲಾರ್ ಇದ್ದರೆ ಅದನ್ನೂ, ಆಮೇಲೆ ಪ್ರತಿ ಗೋಡೆಯಲ್ಲೂ ಟೆಸ್ಟರ್ ಇಟ್ಟು ನೋಡಬೇಕು. ಮನೆ ಪೂರ್ತಿ ಒಡೆಯುವುದಾದರೆ ಸರ್ವಿಸ್ ವೈರನ್ನು ಕಂಬದಲ್ಲೇ ಬಿಡಿಸದೆ ಮೊದಲ ಏಟು ಹಾಕಬಾರದು. ಕರೆಂಟು ಹೋದಾಗ ಸೈಟಿನಲ್ಲಿ ಜನರೇಟರ್ ಹಾಕುವವರು ಮೇನ್ ಬೇರ್ಪಡಿಸದೆ ಹಾಕಿದರೆ ಅದು ಹಿಂದಕ್ಕೆ ಹೋಗಿ ಕಂಬದ ಮೇಲಿರುವ ಪವರ್‌ಮ್ಯಾನನ್ನು ಕೊಲ್ಲಬಹುದು. ಗ್ರಿಲ್ ವೆಲ್ಡಿಂಗಿನವರು ಮೀಟರಿನ ಬುಡದಿಂದಲೇ ತಂತಿ ಸಿಕ್ಕಿಸಿಕೊಂಡು ಕೆಲಸ ಮಾಡುವುದು ಇದೇ ಸಾಲಿಗೆ ಸೇರಿದ್ದು.

ಕಾನೂನು ಇಲ್ಲವೇ? ಇದೆ, ಅದರ ಮಾತುಗಳು ಸ್ಪಷ್ಟವಾಗಿಯೇ ಇವೆ. ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆ ಬಂದದ್ದು 1996ರಲ್ಲಿ. ಅದರಡಿ 1998ರಲ್ಲಿ ಮಾಡಿದ ಕೇಂದ್ರ ನಿಯಮಗಳು ನೀರು ತಾಗುವ ಕಡೆ, ತುಳಿದು ಹಾಳಾಗುವ ಕಡೆ ತಂತಿಯನ್ನು ನೆಲದ ಮೇಲೆ ಬಿಡಬಾರದು, ಉಪಕರಣಗಳಿಗೆ ಸರಿಯಾದ ಅರ್ಥಿಂಗ್ ಇರಬೇಕು, ಎಚ್ಚರಿಕೆಯ ಫಲಕ ಸ್ಥಳೀಯ ಭಾಷೆಯಲ್ಲೂ ಇರಬೇಕು ಎನ್ನುತ್ತವೆ. ತಾತ್ಕಾಲಿಕ ವಿದ್ಯುತ್ ವ್ಯವಸ್ಥೆಗಳಿಗೆಲ್ಲ ಅರ್ಥ್ ಲೀಕೇಜ್ ಬ್ರೇಕರ್ ಕಡ್ಡಾಯ ಎಂದೂ ಹೇಳುತ್ತವೆ. ಅಂದರೆ ನಾನು ಮೇಲೆ ಅಷ್ಟು ಉದ್ದಕ್ಕೆ ವಾದಿಸಿದ್ದನ್ನು ಕಾನೂನು ಕಾಲು ಶತಮಾನದ ಹಿಂದೆಯೇ ಒಂದು ಸಾಲಿನಲ್ಲಿ ಬರೆದಿಟ್ಟಿದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 161ನೇ ಕಲಮಿನ ಪ್ರಕಾರ ವಿದ್ಯುತ್ತಿನಿಂದ ಸಾವು ಸಂಭವಿಸಿದರೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಲೇಬೇಕು. ವೈರಿಂಗಿನ ಕೆಲಸವನ್ನು ಸರ್ಕಾರದ ಲೈಸೆನ್ಸ್ ಪಡೆದ ಗುತ್ತಿಗೆದಾರರೇ, ಅರ್ಹತಾ ಪತ್ರ ಇರುವವರ ಮೇಲ್ವಿಚಾರಣೆಯಲ್ಲೇ ಮಾಡಿಸಬೇಕು.

ತೊಂದರೆ ಇರುವುದು ಈ ಕಾನೂನಿನ ಬಲೆ ಯಾರ ಮೇಲೆ ಬೀಳುತ್ತದೆ ಎನ್ನುವಲ್ಲಿ. 1996ರ ಕಾಯ್ದೆ ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆಗೆ ಅನ್ವಯಿಸುತ್ತಿತ್ತು, ಸ್ವಂತ ವಾಸಕ್ಕೆ ಕಟ್ಟಿಕೊಳ್ಳುವ 10 ಲಕ್ಷದೊಳಗಿನ ಮನೆಗಳನ್ನು ಬಿಟ್ಟಿತ್ತು. ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಸ್ವಂತ ಮನೆಯ ಆ ಮಿತಿಯನ್ನು ಅದು 50 ಲಕ್ಷಕ್ಕೆ ಏರಿಸಿದೆ. ಶ್ರೀನಿವಾಸಪುರದಲ್ಲಿ, ಮುಳಬಾಗಿಲಿನಲ್ಲಿ 50 ಲಕ್ಷದೊಳಗೆ ಒಳ್ಳೆಯ ಎರಡಂತಸ್ತಿನ ಮನೆ ಏಳುತ್ತದೆ. ಹತ್ತು ಜನ ಆಳುಗಳು ಒಂದೇ ದಿನ ಸೈಟಿನಲ್ಲಿರುವುದು ಮೋಲ್ಡ್ ಹಾಕುವ ದಿನ ಮಾತ್ರ. ಹೀಗಾಗಿ ಈ ತಾಲ್ಲೂಕುಗಳಲ್ಲಿ ಏಳುತ್ತಿರುವ ಸ್ವಂತ ಮನೆಗಳ ಬಹುಪಾಲು ಕಟ್ಟಡ ಸುರಕ್ಷತೆಯ ಕಾನೂನಿನ ಹೊರಗೇ ಉಳಿಯುತ್ತದೆ. ಬೆಲೆಯೇರಿಕೆಗೆ ತಕ್ಕಂತೆ ಮಿತಿ ಏರಿಸುವುದು, ಕಾರ್ಮಿಕರ ಕಲ್ಯಾಣಕ್ಕೆಂದು ಕಟ್ಟಿಸುವವರಿಂದ ವಸೂಲಿ ಮಾಡುವ ಸೆಸ್ಸಿನ ಲೆಕ್ಕಕ್ಕೆ ಸರಿಯಿರಬಹುದು. ಸುರಕ್ಷತೆಗೂ ಅದೇ ಮಿತಿ ಇಟ್ಟದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. 230 ವೋಲ್ಟು ಮನೆಯ ಬಜೆಟ್ಟು ನೋಡಿ ಹೊಡೆಯುವುದಿಲ್ಲ.

ವಿದ್ಯುತ್ ಕಾಯ್ದೆಗೆ ಅಂಥ ಮಿತಿಯಿಲ್ಲ. ಅದು ಎಷ್ಟೇ ಚಿಕ್ಕ ಸಂಪರ್ಕಕ್ಕೂ ಅನ್ವಯಿಸುತ್ತದೆ. ಕಟ್ಟಡ ಕಾರ್ಮಿಕರನ್ನು ಉಳಿಸುವ ಕೀಲಿ ಕಾರ್ಮಿಕ ಇಲಾಖೆಗಿಂತ ಹೆಚ್ಚಾಗಿ ಬೆಸ್ಕಾಂನ ಉಪವಿಭಾಗ ಕಚೇರಿಯಲ್ಲಿದೆ ಎಂದು ನಾನು ನಂಬುವುದು ಇದಕ್ಕೇ. ಮನೆ ಕಟ್ಟುವವರು ತಾತ್ಕಾಲಿಕ ಸಂಪರ್ಕಕ್ಕೆ ಅಲ್ಲಿಗೆ ಹೋಗಲೇಬೇಕು. ಆದರೆ ತಾತ್ಕಾಲಿಕ ಸಂಪರ್ಕದ ದರ ಗೃಹಬಳಕೆಯ ದರಕ್ಕಿಂತ ಹೆಚ್ಚು, ಹಾಗಾಗಿ ಎಷ್ಟೋ ಜನ ಹೋಗುವುದೇ ಇಲ್ಲ. ಪಕ್ಕದ ಮನೆಯಿಂದ ತಂತಿ ಎಳೆಯುತ್ತಾರೆ. ತೋಟದಲ್ಲಾದರೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯಿಂದ ತೆಗೆಯುತ್ತಾರೆ. ಅಲ್ಲಿ ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ತಂತಿ ಕಟ್ಟಿರುವುದು ಹೊಸದೇನಲ್ಲ. ಕದ್ದು ತೆಗೆದ ಕರೆಂಟಿಗೆ ಆರ್‌ಸಿಸಿಬಿ ಹಾಕಿ ಎಂದು ಯಾರು ಕೇಳುತ್ತಾರೆ? ದರ ಇಳಿದರೆ ಈ ಕಳ್ಳ ಎಳೆತ ಕಡಿಮೆಯಾದೀತು. ಸುರಕ್ಷತೆಯ ಚರ್ಚೆಯಲ್ಲಿ ದರದ ವಿಷಯ ಯಾರೂ ಎತ್ತುವುದಿಲ್ಲ, ಎತ್ತಲೇಬೇಕು.

ಇತ್ತೀಚೆಗೆ ಇದಕ್ಕೆ ಇನ್ನೊಂದು ತಿರುವು ಬಂತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್ ಸಂಪರ್ಕ ಕೊಡಬಾರದೆಂದು ಹೇಳಿತು. ಅದರಂತೆ 2025ರಲ್ಲಿ ಕರ್ನಾಟಕದಲ್ಲಿ ಹೊಸ ಕಾಯಂ ಸಂಪರ್ಕಗಳು ನಿಂತವು. ಗೃಹಪ್ರವೇಶ ಮುಗಿಸಿದ ಎಷ್ಟೋ ಕುಟುಂಬಗಳು ಕಟ್ಟಡ ಕೆಲಸಕ್ಕೆಂದು ಪಡೆದ ತಾತ್ಕಾಲಿಕ ಸಂಪರ್ಕದಲ್ಲೇ ತಿಂಗಳುಗಟ್ಟಲೆ ಬಾಳಿದವು. ಸರ್ಕಾರ ಆಮೇಲೆ ಸಣ್ಣ ನಿವೇಶನದ ಮನೆಗಳಿಗೆ ವಿನಾಯಿತಿ ಕೊಟ್ಟಿತು. ಅಕ್ರಮ ಕಟ್ಟಡ ತಡೆಯಬೇಕೆಂಬ ತೀರ್ಪಿನ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆರು ತಿಂಗಳಿಗೆಂದು ಕಟ್ಟಿದ ಹಲಗೆ ಬೋರ್ಡು ಅದಕ್ಕೂ ಮೀರಿ ಉಳಿದಾಗ ಅದರ ಅಪಾಯ ಕಾರ್ಮಿಕರನ್ನು ದಾಟಿ ಮಕ್ಕಳ ಕೈಗೆಟುಕುವ ಎತ್ತರಕ್ಕೆ ಬಂದಿತ್ತು ಎನ್ನುವುದನ್ನು ಯಾರೂ ಗಮನಿಸಲಿಲ್ಲ.

ಶಾಕ್ ಹೊಡೆದ ಮೇಲೆ ಮಾಡಬೇಕಾದ್ದು ಸರಳ, ಆದರೆ ಸೈಟಿನಲ್ಲಿ ಯಾರಿಗೂ ಹೇಳಿಕೊಟ್ಟಿರುವುದಿಲ್ಲ. ಮೊದಲು ಕರೆಂಟು ತೆಗೆಯಬೇಕು, ಅದಾಗದಿದ್ದರೆ ಒಣಗಿದ ಮರದ ರೀಪಿನಿಂದ ತಂತಿ ಸರಿಸಬೇಕು. 11 ಕೆವಿ ಆದರೆ ಹತ್ತಿರವೇ ಹೋಗಬಾರದು. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಎರಡು ಅಂಗುಲ ಆಳಕ್ಕೆ ಒತ್ತುತ್ತಲೇ ಇರಬೇಕು, 108 ಬರುವವರೆಗೆ. ಕೈಕಾಲು ತಿಕ್ಕುತ್ತಾ, ನೀರು ಕುಡಿಸಲು ನೋಡುತ್ತಾ, ಆಟೊ ಹುಡುಕುತ್ತಾ ಕಳೆಯುವ ಐದು ನಿಮಿಷದಲ್ಲಿ ಬದುಕಬಹುದಾಗಿದ್ದವನು ಸಾಯುತ್ತಾನೆ. ತೋಟದ ನಡುವಿನ ಸೈಟಿನಿಂದ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೋ ಟಮಕದ ಆಸ್ಪತ್ರೆಗೋ ತಲುಪಲು ಎಷ್ಟು ಹೊತ್ತಾಗುತ್ತದೆ ಎಂದು ಯೋಚಿಸಿದರೆ, ಆ ಎರಡು ಕೈಗಳಿಗೆ ಎಷ್ಟು ಬೆಲೆಯಿದೆ ಎಂದು ತಿಳಿಯುತ್ತದೆ. ಹೇಳಿಕೊಡುವವರು ತೆಲುಗಿನಲ್ಲಿ, ಹಿಂದಿಯಲ್ಲಿ ಹೇಳಿಕೊಡಬೇಕು. ಫಲಕದ ಕನ್ನಡ ಓದಲಾರದ ಒಡಿಶಾದ ಹುಡುಗನಿಗೆ ಅದನ್ನು ಕೈಯಲ್ಲಿ ಮಾಡಿ ತೋರಿಸಬೇಕು.

ಸತ್ತವರ ಮನೆಯವರಿಗೆ ಸಿಗುವುದರ ಬಗ್ಗೆಯೂ ಒಂದು ಮಾತು. ಠಾಣೆಯಲ್ಲಿ ಅಸಹಜ ಸಾವು ಎಂದಷ್ಟೇ ದಾಖಲಾದರೆ ಪ್ರಕರಣ ಅಲ್ಲಿಗೇ ಮುಗಿಯುವುದು ಹೆಚ್ಚು. ಪರಿವೀಕ್ಷಕರ ವರದಿ ಇಲ್ಲದಿದ್ದರೆ ತಪ್ಪು ಯಾರದೆಂದು ತೋರಿಸುವುದು ಕಷ್ಟ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ಇಟ್ಟಿಗೆ ಹೊರುವ, ಕ್ಯೂರಿಂಗಿಗೆ ನೀರು ಹಿಡಿಯುವ ಹೆಂಗಸರಿಗೆ ಆ ಪುರಾವೆ ಬರೆದುಕೊಡುವವರು ವಿರಳ. ಒದ್ದೆ ನೆಲದಲ್ಲಿ ಹೆಚ್ಚು ಹೊತ್ತು ನಿಲ್ಲುವವರು ಅವರೇ. ಮಂಡಳಿಯ ಕಾರ್ಡು ಇರುವವರ ಹೆಸರಿಗಿಂತ ಮೊದಲು ಇವರ ಹೆಸರು ನೋಂದಣಿ ಪುಸ್ತಕಕ್ಕೆ ಬರಬೇಕಿತ್ತು.

ಮಾಡಬಹುದಾದ್ದು ಏನೆಂದು ಕೇಳಿದರೆ, ಹೊಸ ಕಾಯ್ದೆಗೆ ಕಾಯಬೇಕಿಲ್ಲ. ತಾತ್ಕಾಲಿಕ ಸಂಪರ್ಕದ ಮೀಟರ್ ಕೂರಿಸುವ ದಿನ ಬೆಸ್ಕಾಂನವರು ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಿ, ಅದು ಬೀಳದಿದ್ದರೆ ಲೈನ್ ಕೊಡದೆ ವಾಪಸು ಬರಲಿ. ನಗರಸಭೆ, ಪುರಸಭೆ, ಗ್ರಾಮ ಪಂಚಾಯಿತಿಗಳು ಪ್ಲಾನಿಗೆ ಮಂಜೂರಾತಿ ಕೊಡುವಾಗ ಹತ್ತಿರದ ಲೈನಿನ ಅಂತರವನ್ನೂ ಬೋರ್ ಪಾಯಿಂಟಿನ ಜಾಗವನ್ನೂ ನಕ್ಷೆಯಲ್ಲಿ ಕೇಳಲಿ. ಕಲ್ಯಾಣ ಮಂಡಳಿ ಕಾರ್ಮಿಕರಿಗೆ ಕೊಡುವ ಟೂಲ್ ಕಿಟ್ಟಿನ ಜೊತೆಗೆ ಪ್ರತಿ ಮೇಸ್ತ್ರಿಗೆ ಒಂದು ಸೈಟ್ ಬೋರ್ಡನ್ನೂ ಸೇರಿಸಲಿ: ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಒಳಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮತ್ತು 16 ಆಂಪಿಯರಿನ ಎಂಸಿಬಿ, ಮಳೆ ತಡೆಯುವ ಮೂರು ಸಾಕೆಟ್ಟು, ಗಂಟಿಲ್ಲದ ಮೂರು ಕೋರಿನ ದಪ್ಪ ಕೇಬಲ್. ಒಂದು ಮನೆ ಮುಗಿದ ಮೇಲೆ ಮೇಸ್ತ್ರಿ ಅದನ್ನು ತನ್ನ ರಸಮಟ್ಟ, ತೂಗುಗುಂಡಿನ ಜೊತೆ ಮುಂದಿನ ಸೈಟಿಗೆ ಒಯ್ಯಬಹುದು. ಮನೆ ಕಟ್ಟಿಸುವವರು ಕೆಲಸ ಒಪ್ಪಿಸುವಾಗಲೇ, “ಮೇಸ್ತ್ರೀ, ನಿಮ್ಮ ಬೋರ್ಡು ತೋರಿಸಿ” ಎಂದು ಕೇಳಲಿ. ಚದರಕ್ಕೆ ಎಷ್ಟು ಎಂದು ರೇಟು ಮಾತಾಡುವ ಹೊತ್ತಿಗೇ ಅದನ್ನೂ ಮಾತಾಡಿ ಮುಗಿಸಲಿ.